ಹಾಳಾಯಿತು ಅಂದರೆ ಇಂಗ್ಲಿಷ್‌ನಲ್ಲಿ ಎಷ್ಟು ಹಾಳು?

ಕನ್ನಡದ 'ಹಾಳು' ತುಂಬಾ ಉದಾರವಾದ ಪದ. ಬಟ್ಟೆ ಹಾಳಾಗುತ್ತದೆ, ಫೋನು ಹಾಳಾಗುತ್ತದೆ, ಆರೋಗ್ಯ, ಸಂಜೆ, ಊರಿಗೆ ಊರೇ ಹಾಳಾಗುತ್ತದೆ. ಇಂಗ್ಲಿಷ್‌ನಲ್ಲಿ ಇಷ್ಟಕ್ಕೂ ಒಂದೇ ಕ್ರಿಯಾಪದ ಸಾಕಾಗುವುದಿಲ್ಲ. ಆದರೂ ನಮ್ಮಲ್ಲಿ ಜಾಸ್ತಿ ಜನ 'ಡೆಸ್ಟ್ರಾಯ್' ಅಥವಾ 'ಸ್ಪಾಯಿಲ್' ಹಾಕಿ ಮುಂದೆ ಹೋಗುತ್ತಾರೆ. ನಾನು ಪದ ಆರಿಸುವಾಗ ಎರಡೇ ಪ್ರಶ್ನೆ ಕೇಳಿಕೊಳ್ಳುತ್ತೇನೆ. ಕೊನೆಗೆ ಏನು ಉಳಿಯಿತು? ಮಾಡಿದ್ದು ಯಾರು?

ಮೊದಲನೆಯದನ್ನೇ ನೋಡೋಣ. ಪ್ರವಾಹ ಬಂದು ಸೇತುವೆ 'ಡ್ಯಾಮೇಜ್' ಆದರೆ ಸೇತುವೆ ಇನ್ನೂ ನಿಂತಿದೆ, ರಿಪೇರಿ ಮಾಡಬಹುದು. 'ಡೆಸ್ಟ್ರಾಯ್' ಆದರೆ ಹೊಸದಾಗಿಯೇ ಕಟ್ಟಬೇಕು. ಅದಕ್ಕೇ 'ಬ್ಯಾಡ್ಲಿ ಡ್ಯಾಮೇಜ್ಡ್' ಅನ್ನುವುದು ಸಹಜ, 'ಬ್ಯಾಡ್ಲಿ ಡೆಸ್ಟ್ರಾಯ್ಡ್' ಕಿವಿಗೆ ಒಗ್ಗುವುದಿಲ್ಲ. ಬೇಕಿದ್ದರೆ 'ಕಂಪ್ಲೀಟ್ಲಿ ಡೆಸ್ಟ್ರಾಯ್ಡ್' ಅನ್ನಬಹುದು. ಈ ಪದದ ಬೇರು ಲ್ಯಾಟಿನ್‌ನ 'ಸ್ಟ್ರುವೆರೆ', ಅಂದರೆ ಪೇರಿಸಿ ಕಟ್ಟುವುದು. 'ಸ್ಟ್ರಕ್ಚರ್' ಹುಟ್ಟಿದ್ದೂ ಅಲ್ಲಿಂದಲೇ. ಕಟ್ಟಿದ್ದನ್ನು ಕಟ್ಟದ ಸ್ಥಿತಿಗೆ ತರುವುದೇ ಡೆಸ್ಟ್ರಾಯ್.

'ರೂಯಿನ್' ಬೇರೆ ಥರ. ವಸ್ತು ಕಣ್ಣೆದುರಿಗೇ ಇರುತ್ತದೆ, ಆದರೆ ಅದರ ಬೆಲೆಯೋ ಉಪಯೋಗವೋ ಸುಖವೋ ಹೋಗಿರುತ್ತದೆ. ಶಾಯಿ ಚೆಲ್ಲಿದ ಅಂಗಿ ರೂಯಿನ್ ಆಗುತ್ತದೆ, ಡೆಸ್ಟ್ರಾಯ್ ಆಗುವುದಿಲ್ಲ. ಜಗಳದಿಂದ ಸಂಜೆ ರೂಯಿನ್ ಆಗುತ್ತದೆ. ಜೂಜಾಡಿ ಎಲ್ಲ ಕಳೆದುಕೊಂಡವನೂ ರೂಯಿನ್ ಆದವನೇ. ಮನುಷ್ಯ ಬದುಕಿದ್ದಾನೆ, ಕೈಯಲ್ಲಿ ಏನೂ ಇಲ್ಲ. 'ರೂಯಿನ್ಸ್' ಎಂಬ ನಾಮಪದವೂ ಹೀಗೇ ಅಲ್ವಾ? ಉಳಿದುಕೊಂಡ ಗೋಡೆ, ಕಂಬಗಳಿಗೇ ಆ ಹೆಸರು.

'ಸ್ಪಾಯಿಲ್' ಇದಕ್ಕಿಂತ ಸ್ವಲ್ಪ ಮೆದು. ಹಾಲು ಕೆಡುತ್ತದೆ, ಮುದ್ದು ಮಾಡಿ ಮಗು ಕೆಡುತ್ತದೆ, ಕಥೆಯ ಕೊನೆ ಯಾರೋ ಮೊದಲೇ ಹೇಳಿ ಮಜಾ ಕೆಡುತ್ತದೆ. ತಪ್ಪಾಗಿ ಗುರುತು ಹಾಕಿ ಅಸಿಂಧುವಾದ ಮತಪತ್ರಕ್ಕೂ ಬ್ರಿಟಿಷರು 'ಸ್ಪಾಯಿಲ್ಟ್ ಬ್ಯಾಲಟ್' ಅನ್ನುತ್ತಾರೆ. ನಾವು ಎಡವುವುದು ಯಂತ್ರಗಳ ಹತ್ತಿರ. 'ಮೈ ಫೋನ್ ಗಾಟ್ ಸ್ಪಾಯಿಲ್ಡ್' ಅಂದರೆ ಹೊರಗಿನವರು ಒಂದು ಕ್ಷಣ ತಡವರಿಸುತ್ತಾರೆ. ಯಂತ್ರ 'ಬ್ರೇಕ್ ಡೌನ್' ಆಗುತ್ತದೆ, ಅಥವಾ ಸುಮ್ನೆ 'ನಾಟ್ ವರ್ಕಿಂಗ್'.

ಇನ್ನು ಎರಡನೆಯ ಪ್ರಶ್ನೆ. ಇಲ್ಲಿ ಕನ್ನಡದ ರೂಢಿಯೇ ನಮಗೆ ತೊಡಕು. ನಮ್ಮಲ್ಲಿ 'ನಾಶವಾಯಿತು', 'ನಾಶ ಮಾಡಿದರು' ಎಂದು ಆಗು, ಮಾಡು ಬದಲಿಸಿದರೆ ಕೆಲಸ ಮುಗಿಯಿತು. ಇಂಗ್ಲಿಷ್‌ನ 'ಡೆಸ್ಟ್ರಾಯ್' ತಾನಾಗಿಯೇ ಆಗುವ ಕ್ರಿಯೆಯಲ್ಲ, ಯಾರೋ ಅಥವಾ ಯಾವುದೋ ಮಾಡಲೇಬೇಕು. 'ದ ಹೌಸ್ ಡೆಸ್ಟ್ರಾಯ್ಡ್ ಇನ್ ದ ಫೈರ್' ತಪ್ಪು, ನಡುವೆ 'ವಾಸ್' ಬೇಕು. 'ಕೊಲ್ಯಾಪ್ಸ್' ಇದಕ್ಕೆ ತಿರುಗಾಮುರುಗಾ. ಕಟ್ಟಡ ತಾನೇ ಕುಸಿಯುತ್ತದೆ, ಹಾಗಾಗಿ ಅಲ್ಲಿ 'ವಾಸ್' ಬೇಡ. 'ಬ್ರೇಕ್', 'ಶ್ಯಾಟರ್', 'ಬರ್ನ್' ಎರಡೂ ಕಡೆ ಸಲ್ಲುತ್ತವೆ. ಗಾಜು ತಾನೇ ಒಡೆಯಬಹುದು, ಯಾರಾದರೂ ಒಡೆಯಲೂಬಹುದು.

ಇದು ಬರೀ ವ್ಯಾಕರಣದ ವಿಷಯ ಅಂತ ನನಗೆ ಅನಿಸುವುದಿಲ್ಲ. ಒಂದು ಮನೆಯನ್ನು ಯಂತ್ರ ತಂದು ಕೆಡವಿದ ಮೇಲೆ 'ದ ಹೌಸ್ ಕೇಮ್ ಡೌನ್' ಅಂತ ಬರೆದರೆ ಕೆಡವಿದವರು ವಾಕ್ಯದಿಂದಲೇ ಮಾಯವಾಗುತ್ತಾರೆ. 'ಡೆಮಾಲಿಷ್' ಅಂತ ಬರೆದರೆ ಯಾರೋ ತೀರ್ಮಾನ ಮಾಡಿ ಕೆಡವಿದ್ದಾರೆ ಎನ್ನುವುದು ಪದದೊಳಗೇ ಇದೆ. ಯುದ್ಧದ ಸುದ್ದಿ ಓದುವಾಗ ನಾನು ಮೊದಲು ಕ್ರಿಯಾಪದ ನೋಡುತ್ತೇನೆ. 'ರೇಜ್' (raze) ಅಂದರೆ ನೆಲಸಮ. ಕೆರೆಯುವುದು ಎಂಬ ಅರ್ಥದ ಲ್ಯಾಟಿನ್ ಪದದಿಂದ ಬಂದದ್ದು, 'ರೇಜರ್' ಇದರ ನೆಂಟ. 'ರ್‍ಯಾವೇಜ್' ಹೆಚ್ಚಾಗಿ ಯುದ್ಧ, ರೋಗ, ಬೆಂಕಿಯಂಥವು ಒಂದು ಪ್ರದೇಶವನ್ನೋ ದೇಹವನ್ನೋ ಹಿಂಡಿಹಾಕುವುದಕ್ಕೆ. ಅಂಗಿಗೆ, ಫೋನಿಗೆ ಇದನ್ನು ಬಳಸಬೇಡಿ. 'ಡೆವಸ್ಟೇಟ್' ಊರಿಗೂ ಹೊಂದುತ್ತದೆ, ಮನಸ್ಸಿಗೂ ಹೊಂದುತ್ತದೆ. ಹತ್ತಿರದವರನ್ನು ಕಳೆದುಕೊಂಡವರು 'ಐ ವಾಸ್ ಡೆವಸ್ಟೇಟೆಡ್' ಅನ್ನುತ್ತಾರೆ. ಬಸ್ಸು ತಪ್ಪಿಹೋದದ್ದಕ್ಕೆಲ್ಲ ಅದನ್ನು ಖರ್ಚು ಮಾಡಿದರೆ ನಿಜವಾದ ದುಃಖಕ್ಕೆ ಪದವೇ ಉಳಿಯುವುದಿಲ್ಲ.

'ಡೆಸಿಮೇಟ್' ಬಗ್ಗೆ ಜಗಳ ಇನ್ನೂ ನಿಂತಿಲ್ಲ. ರೋಮನ್ ಸೈನ್ಯದಲ್ಲಿ ಹೇಡಿತನ ತೋರಿದ ಪಡೆಗೆ ಕೊಡುತ್ತಿದ್ದ ಶಿಕ್ಷೆ ಇದು. ಚೀಟಿ ಎತ್ತಿ ಹತ್ತು ಜನರಲ್ಲಿ ಒಬ್ಬನನ್ನು ಕೊಲ್ಲುತ್ತಿದ್ದರು. ಕ್ರಿ.ಪೂ. 73ರಿಂದ 71ರವರೆಗೆ ನಡೆದ ಸ್ಪಾರ್ಟಕಸ್ ನಾಯಕತ್ವದ ಗುಲಾಮರ ಬಂಡಾಯದ ಕಾಲದಲ್ಲಿ ರೋಮನ್ ಸೇನಾಪತಿ ಕ್ರಾಸಸ್ ಈ ಶಿಕ್ಷೆ ಕೊಟ್ಟದ್ದು ದಾಖಲಾಗಿದೆ. ಈಗ ಈ ಪದಕ್ಕೆ ಬಹುಪಾಲನ್ನು ನಾಶ ಮಾಡು ಎಂಬ ಅರ್ಥ ಬಂದಿದೆ, ನಿಘಂಟುಗಳೂ ಒಪ್ಪಿವೆ. ಹತ್ತರಲ್ಲೊಂದು ಅಂತಲೇ ಹಟ ಹಿಡಿಯುವುದು ಸರಿಯಲ್ಲ ಅನ್ನುವುದು ನನ್ನ ಅಭಿಪ್ರಾಯ. ಆದರೆ 'ಕಂಪ್ಲೀಟ್ಲಿ ಡೆಸಿಮೇಟೆಡ್' ಬೇಡ. ಏನೂ ಉಳಿಯಲಿಲ್ಲ ಅನ್ನಲು 'ಅನೈಹಿಲೇಟ್' ಇದೆ. 'ನಿಹಿಲ್' ಅಂದರೇ ಶೂನ್ಯ.

'ವ್ಯಾಂಡಲೈಸ್' ಹಿಂದೆ ಒಂದು ಜನಾಂಗದ ಹೆಸರೇ ಇದೆ. ವ್ಯಾಂಡಲರು ಕ್ರಿ.ಶ. 455ರಲ್ಲಿ ರೋಮ್ ಲೂಟಿ ಮಾಡಿದರು. ಫ್ರೆಂಚ್ ಕ್ರಾಂತಿಯ ಹೊತ್ತಿನಲ್ಲಿ, 1794ರಲ್ಲಿ, ಕಲಾಕೃತಿಗಳನ್ನು ಒಡೆಯುತ್ತಿದ್ದವರನ್ನು ಖಂಡಿಸಲು ಫ್ರೆಂಚ್ ಪಾದ್ರಿ ಅಬೆ ಗ್ರೆಗ್ವಾರ್ 'ವ್ಯಾಂಡಲಿಸಂ' ಪದವನ್ನು ಚಲಾವಣೆಗೆ ತಂದರು. ವ್ಯಾಂಡಲರ ಕಾಲದಲ್ಲಿ ಲೂಟಿ ಮಾಡಿದವರು ಇನ್ನೆಷ್ಟೋ ಜನ ಇದ್ದರು, ಕೆಟ್ಟ ಹೆಸರು ಮಾತ್ರ ಅವರೊಬ್ಬರಿಗೇ ಅಂಟಿಕೊಂಡಿತು. ಇವತ್ತಿಗೆ ಇದರ ಅರ್ಥ ಬೇಕಂತಲೇ ಬೇರೆಯವರ ಅಥವಾ ಸಾರ್ವಜನಿಕರ ಆಸ್ತಿಗೆ ಹಾನಿ ಮಾಡುವುದು. ಆಕಸ್ಮಿಕವಾಗಿ ಆದದ್ದಕ್ಕೆ ಹೇಳುವಂತಿಲ್ಲ.

ಕೊನೆಗೆ ಎರಡು ಸಣ್ಣ ವಿಷಯ. ಹಾನಿ ಅನ್ನುವ ಅರ್ಥದಲ್ಲಿ 'ಡ್ಯಾಮೇಜ್' ನಾಮಪದಕ್ಕೆ ಬಹುವಚನ ಇಲ್ಲ. 'ಡ್ಯಾಮೇಜಸ್' ಅಂದರೆ ಕೋರ್ಟು ಕೊಡಿಸುವ ಪರಿಹಾರದ ಹಣ. ಹಾಗೆಯೇ, ಹಾವಳಿ ಎಬ್ಬಿಸಿತು ಅನ್ನಲು 'ರೆಕ್ (wreck) ಹ್ಯಾವಕ್' ಅಂತ ಬರೆಯುವವರು ತುಂಬಾ ಜನ. ಅದು 'ರೀಕ್ (wreak) ಹ್ಯಾವಕ್', ಭೂತಕಾಲದಲ್ಲಿ 'ರೀಕ್ಡ್'.