ಯಾವ ಬಾಟಲಿ, ಎಲ್ಲಿಯ ಚರ್ಮ

ಚರ್ಮದ ಚೂರು ತೆಗೆದು ಟೆಸ್ಟಿಗೆ ಕಳಿಸಬೇಕು ಅಂದರೆ ಸಾಕು, ಜನಕ್ಕೆ ಮೊದಲು ನೆನಪಾಗುವುದು ಕ್ಯಾನ್ಸರ್. ಹಾಸನದ ಒಂದು ಸ್ಕಿನ್ ಕ್ಲಿನಿಕ್ಕಿನಲ್ಲಿ ನಾನು ಟೆಕ್ನಿಷಿಯನ್. ಡಾಕ್ಟರು ಬಯಾಪ್ಸಿ ಮಾಡುವಾಗ ಪಕ್ಕದಲ್ಲಿರುವುದು, ಸ್ಯಾಂಪಲ್ ಪ್ಯಾಕ್ ಮಾಡಿ ಬೆಂಗಳೂರಿಗೆ ಕಳಿಸುವುದು ನನ್ನ ಕೆಲಸ. ನನ್ನ ಅರ್ಧ ಮಾತು "ಇಲ್ಲಮ್ಮ, ಕ್ಯಾನ್ಸರ್ ಅಲ್ಲ" ಅನ್ನುವುದರಲ್ಲೇ ಮುಗಿಯುತ್ತದೆ.

ಲೂಪಸ್ ಅಂದರೆ ಮೈಯ ರಕ್ಷಣಾ ವ್ಯವಸ್ಥೆಯೇ ಮೈಮೇಲೆ ತಿರುಗಿ ಬೀಳುವ ಕಾಯಿಲೆ. ಅದರ ಅನುಮಾನದವರು ಬಂದರೆ ಮಾತು ಇನ್ನೂ ಜಾಸ್ತಿ. ಬೇಲೂರು ಕಡೆಯ ಒಬ್ಬ ಹೆಂಗಸು ಕೇಳಿದ್ದು ಸರಿಯಾಗಿಯೇ ಇತ್ತು: "ಕಾಯ್ಲೆ ಇರೋದು ಮುಖದಲ್ಲಿ, ಸೊಂಟದ ಚರ್ಮ ಯಾಕ್ ತೆಗೀತೀರಾ ಸಾರ್?" ಕಾಫಿ ಕಣದಲ್ಲಿ ದಿನವಿಡೀ ಬಿಸಿಲಲ್ಲಿ ಕೆಲಸ. ಎರಡೂ ಕೆನ್ನೆ ಕೆಂಪಗಾಗಿ ಉರಿ. ಊರಲ್ಲಿ ಎಲ್ಲರೂ ಬಂಗು ಅಂದಿದ್ದರು.

ಬಿಸಿಲಿನ ಯುವಿ ಕಿರಣಕ್ಕೆ ಚರ್ಮದ ಮೇಲ್ಪದರದ ಕೋಶಗಳು ಸಾಯುತ್ತವೆ. ಒಳಗಿದ್ದ ಡಿಎನ್‌ಎ, ಪ್ರೋಟೀನು ಎಲ್ಲ ಹೊರಗೆ ಬೀಳುತ್ತವೆ. ಲೂಪಸ್ ಇದ್ದವರ ಮೈಯಲ್ಲಿ ಇವುಗಳ ಮೇಲೆಯೇ ತಿರುಗಿ ಬೀಳುವ ಆಂಟಿಬಾಡಿಗಳಿರುತ್ತವೆ. ಅವು ಮೇಲ್ಪದರ, ಕೆಳಪದರ ಸೇರುವ ಗಡಿಯಲ್ಲಿ ಹೋಗಿ ಕೂರುತ್ತವೆ. ಐಜಿಜಿ, ಐಜಿಎಂ, ಕೆಲವೊಮ್ಮೆ ಐಜಿಎ ಎಂಬ ಬಗೆಯ ಆಂಟಿಬಾಡಿಗಳು, ಜೊತೆಗೆ ಸಿ3 ಎಂಬ ಕಾಂಪ್ಲಿಮೆಂಟ್, ಅಂದರೆ ರಕ್ತದ ಒಂದು ರಕ್ಷಣಾ ಪ್ರೋಟೀನು. ಮಾಮೂಲಿ ಬಣ್ಣ ಹಾಕಿದರೆ ಇವು ಕಾಣುವುದಿಲ್ಲ. ಹೊಳೆಯುವ ರಾಸಾಯನಿಕ ಅಂಟಿಸಿದ ಇನ್ನೊಂದು ಆಂಟಿಬಾಡಿ ಹಾಕಿ, ಕತ್ತಲೆ ಕೋಣೆಯ ಫ್ಲೋರೆಸೆನ್ಸ್ ಮೈಕ್ರೋಸ್ಕೋಪಿನಲ್ಲಿ ನೋಡಬೇಕು. 1963ರಲ್ಲಿ ಮೊದಲು ಹೀಗೆ ಕಂಡದ್ದು. ಲೂಪಸ್ ಬ್ಯಾಂಡ್ ಟೆಸ್ಟ್ ಅನ್ನುತ್ತೇವೆ.

ಟ್ರೈನಿಂಗಿಗೆ ಹೋದಾಗ ಬೆಂಗಳೂರಿನ ಲ್ಯಾಬಿನಲ್ಲಿ ಒಂದು ಸ್ಲೈಡ್ ತೋರಿಸಿದರು. ಸುತ್ತ ಕಪ್ಪು, ನಡುವೆ ಹಸಿರು ಗೆರೆ. ರಂಗೋಲಿ ಎಳೆಯನ್ನು ಬಗ್ಗಿ ಹತ್ತಿರದಿಂದ ನೋಡಿದ ಹಾಗೆ: ದೂರಕ್ಕೆ ಗೆರೆ, ಹತ್ತಿರಕ್ಕೆ ಕಾಳು ಕಾಳು. ಈ ಕಾಳು ಮುಖ್ಯ. ಬುಲ್ಲಸ್ ಪೆಂಫಿಗಾಯ್ಡ್ ಎಂಬ ಗುಳ್ಳೆ ಕಾಯಿಲೆಯಲ್ಲೂ ಅದೇ ಗಡಿಯಲ್ಲಿ ಗೆರೆ ಬರುತ್ತದೆ, ಆದರೆ ನಯವಾಗಿ, ಒಂದೇ ಸಮ. ಬೆಳಕು ಬಿದ್ದಷ್ಟೂ ಹೊಳಪು ಮಾಸುತ್ತದೆ ಅಂತ ಅಲ್ಲಿನವರು ಬೇಗ ಫೋಟೊ ತೆಗೆದು ಲೈಟ್ ಆರಿಸಿಬಿಟ್ಟರು.

ಇನ್ನು ಬಾಟಲಿ. ನಮ್ಮ ಟ್ರೇಯಲ್ಲಿ ಎರಡಿರುತ್ತವೆ. ಒಂದು ಫಾರ್ಮಲಿನ್, ಮಾಮೂಲಿ ಬಯಾಪ್ಸಿಗೆ. ಇನ್ನೊಂದು ಮೈಕಲ್ಸ್ ಮೀಡಿಯಂ ಎಂಬ ದ್ರವ, ಈ ಟೆಸ್ಟಿಗೆ. ಫಾರ್ಮಲಿನ್ ಪ್ರೋಟೀನುಗಳನ್ನು ಕಟ್ಟಿಹಾಕುತ್ತದೆ. ಆಮೇಲೆ ಹೊಳೆಯುವ ಆಂಟಿಬಾಡಿ ಹಾಕಿದರೂ ಸರಿಯಾಗಿ ಹಿಡಿಯುವುದಿಲ್ಲ. ಎರಡೂ ನೋಡಲು ನೀರಿನ ಹಾಗೇ ಇರುತ್ತವೆ, ಅದೇ ತೊಂದರೆ. ಹಾಗಾಗಿ ಮೊದಲು ಮೈಕಲ್ಸ್‌ಗೆ ಹಾಕಿ, ಆಮೇಲೆ ಫಾರ್ಮಲಿನ್ ಮುಚ್ಚಳ ತೆಗೆಯುತ್ತೇವೆ. ಫಾರ್ಮಲಿನ್ ತಾಗಿದ ಫೋರ್ಸೆಪ್ಸ್ (ಚಿಮಟ) ಈ ಕಡೆ ಬರಬಾರದು. ಚರ್ಮ ಕೊರೆಯುವ 4 ಮಿಲಿಮೀಟರ್ ಪಂಚಿನಲ್ಲಿ ಬಂದ ಚೂರನ್ನು ಡಾಕ್ಟರು ಹಿಸುಕದೆ, ಸೂಜಿ ತುದಿಯಲ್ಲಿ ಮೆಲ್ಲಗೆ ಎತ್ತಿ ಬುಡ ಕತ್ತರಿಸುತ್ತಾರೆ. ಮೈಕಲ್ಸ್‌ನಲ್ಲಿದ್ದರೆ ಐಸ್ ಇಲ್ಲದಿದ್ದರೂ ಕೆಲವು ದಿನ ತಡೆಯುತ್ತದೆ. ಮಳೆ, ಕೊರಿಯರ್ ಲೇಟು, ನಮ್ಮ ಕಡೆ ಇವೆಲ್ಲ ಇದ್ದದ್ದೇ ಅಲ್ವಾ.

ಸೊಂಟದ ಪ್ರಶ್ನೆಗೆ ಡಾಕ್ಟರು ಕೊಟ್ಟ ಉತ್ತರ ಇದು. ಮುಖದ ಕೆಂಪು ಮಚ್ಚೆಯಲ್ಲಿ ಗೆರೆ ಕಂಡರೆ ಚರ್ಮದ ಲೂಪಸ್ಸೂ ಇರಬಹುದು, ಮೈಯೊಳಗಿನದ್ದೂ ಇರಬಹುದು. ಬಿಸಿಲಿಗೆ ಒಡ್ಡಿದ ಮುಖದಲ್ಲಂತೂ ಆರೋಗ್ಯವಂತರಿಗೂ ಮಸುಕಾಗಿ ಕಾಣುವುದುಂಟು. ಆದರೆ ಬಿಸಿಲೇ ಕಾಣದ, ನೋಡಲು ಚೆನ್ನಾಗೇ ಇರುವ ಚರ್ಮದಲ್ಲಿ ಕಂಡರೆ, ಅದೂ ಒಂದಕ್ಕಿಂತ ಹೆಚ್ಚು ಬಗೆಯ ಆಂಟಿಬಾಡಿ ಕಂಡರೆ, ಇಡೀ ಮೈಗೆ ಸಂಬಂಧಿಸಿದ ಲೂಪಸ್ ಅನುಮಾನ ಗಟ್ಟಿಯಾಗುತ್ತದೆ. ಆಗ ಕಿಡ್ನಿಯ ಕಡೆ ಇನ್ನಷ್ಟು ನಿಗಾ ಬೇಕು. "ಅಂದ್ರೆ ಮುಚ್ಚಿಟ್ಟ ಜಾಗ ಸುಳ್ಳು ಹೇಳಲ್ಲ ಅನ್ನಿ" ಅಂದರು ಆಕೆ. ಇಷ್ಟು ಚೆನ್ನಾಗಿ ನಾವ್ಯಾರೂ ಹೇಳಿರಲಿಲ್ಲ.

ಹಾಗಾಗಿ ಫಾರಂನಲ್ಲಿ ಸುಮ್ನೆ "ಚರ್ಮ" ಅಂತ ಬರೆದು ಕಳಿಸುವುದು ನನಗೆ ಸರಿಬರುವುದಿಲ್ಲ. ಮಚ್ಚೆಯದ್ದಾ, ಚೆನ್ನಾಗಿರುವ ಜಾಗದ್ದಾ, ಬಿಸಿಲು ಬೀಳುವ ಕಡೆಯದ್ದಾ, ಮಚ್ಚೆ ಬಂದು ಎಷ್ಟು ದಿನವಾಯಿತು, ಇಷ್ಟೂ ಬೇಕು. ಹೊಸದಾಗಿ ಎದ್ದ ಮಚ್ಚೆಯಲ್ಲಿ ಗೆರೆ ಇನ್ನೂ ಕಟ್ಟಿರದೇ ಇರಬಹುದು. ಗೆರೆ ಕಾಣಲಿಲ್ಲ ಅಂದರೆ ಲೂಪಸ್ ಇಲ್ಲ ಅಂತಲೂ ಅಲ್ಲ. ಎಎನ್‌ಎ, ಡಿಎಸ್‌ಡಿಎನ್‌ಎ ಎಂಬ ಆಂಟಿಬಾಡಿ ಹುಡುಕುವ ರಕ್ತಪರೀಕ್ಷೆ, ಮೂತ್ರದಲ್ಲಿ ಪ್ರೋಟೀನು, ಎಲ್ಲ ಸೇರಿಸಿಯೇ ಡಾಕ್ಟರು ತೀರ್ಮಾನ ಮಾಡುವುದು. ಈಗ ಎಲ್ಲರಿಗೂ ಈ ಟೆಸ್ಟ್ ಬರೆಯುವುದೂ ಇಲ್ಲ, ಗೊಂದಲ ಇದ್ದಾಗ ಮಾತ್ರ.

ಇನ್ನೊಂದು ಪ್ರಶ್ನೆ ನಾನೇ ಸೇರಿಸಿಕೊಂಡಿದ್ದೇನೆ: ಏನು ಹಚ್ಚುತ್ತಿದ್ದಿರಿ? ಬಂಗಿಗೆ ಅಂತ ಮೆಡಿಕಲ್ ಶಾಪಿನಿಂದ ತರುವ ಎಷ್ಟೋ ಟ್ಯೂಬುಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ಚಿಕಿತ್ಸೆ ನಡೆದಿದ್ದರೆ ಗೆರೆ ಮಾಸಿರಬಹುದು, ಓದುವವರಿಗೆ ಅದು ಗೊತ್ತಿರಬೇಕು. ಹೆಸರು ಯಾರಿಗೂ ನೆನಪಿರುವುದಿಲ್ಲ. "ಬಿಳಿ ಟ್ಯೂಬು, ನೀಲಿ ಮುಚ್ಚಳ" ಅನ್ನುತ್ತಾರೆ. ಮನೆಗೆ ಫೋನ್ ಮಾಡಿಸಿ ವಾಟ್ಸಾಪಿನಲ್ಲಿ ಟ್ಯೂಬಿನ ಫೋಟೊ ತರಿಸಿಕೊಳ್ಳುತ್ತೇನೆ, ಪಂಚ್ ಹಾಕುವ ಮೊದಲೇ.