ಬಿಗಿಯಾದ ಗೇರು: ದೋಷ ಇರುವುದು ಎಲ್ಲಿ?

ಕಲಬುರಗಿಯ ಎರೆಮಣ್ಣು ಹಳೆಯ ಕಾರುಗಳ ತಳಕ್ಕೆ ಮಳೆಗಾಲದಲ್ಲಿ ಕೆಸರಾಗಿ ಮೆತ್ತಿಕೊಂಡು, ಬೇಸಿಗೆಯಲ್ಲಿ ಒಣಗಿ ಗಟ್ಟಿಯಾಗುವುದರಿಂದ, ಗೇರ್ ಲಿವರನ್ನು ಗೇರ್‌ಬಾಕ್ಸಿಗೆ ಜೋಡಿಸುವ ರಾಡಿನ ಕೀಲುಗಳು ಬಿಗಿಯುತ್ತವೆ. ನಮ್ಮ ಕಾರಿನಲ್ಲಿಯೂ ಎರಡನೆಯ ಗೇರು ಬೀಳಲು ತೋಳಿನ ಬಲವೆಲ್ಲ ಬೇಕಾಗಿತ್ತು.

ಗೇರ್‌ಬಾಕ್ಸನ್ನೇ ಕಾರಿನಿಂದ ಇಳಿಸಿ ರಿಪೇರಿ ಮಾಡಬೇಕೆಂದು ಯಾರಾದರೂ ಹೇಳಿದರೆ, ಆ ಮಾತಿಗೆ ಒಪ್ಪುವ ಮೊದಲು ಪರೀಕ್ಷಿಸಿ ನೋಡಲೇಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಎಂಜಿನ್ ಬಂದ್ ಇದ್ದಾಗ ಸಲೀಸಾಗಿ ಬೀಳುವ ಗೇರು ಚಾಲೂ ಇದ್ದಾಗ ಮಾತ್ರ ಬೀಳದಿದ್ದರೆ, ಮೊದಲು ಸಂಶಯಿಸಬೇಕಾದದ್ದು ಕ್ಲಚ್ಚನ್ನು, ಅಂದರೆ ಎಂಜಿನ್ನನ್ನು ಗೇರ್‌ಬಾಕ್ಸಿನಿಂದ ಬೇರ್ಪಡಿಸುವ ಭಾಗವನ್ನು. ಎರಡೂ ಸ್ಥಿತಿಯಲ್ಲಿ ಬಿಗಿಯಾಗಿದ್ದರೆ, ಕಾರನ್ನು ಸ್ಟ್ಯಾಂಡುಗಳ ಮೇಲೆ ಭದ್ರವಾಗಿ ನಿಲ್ಲಿಸಿ (ಬರೀ ಜಾಕನ್ನು ನಂಬಿ ಯಾರೂ ಕೆಳಗೆ ಹೋಗಬಾರದು), ಜೋಡಣೆಯ ಸ್ಥಾನವನ್ನು ಗುರುತು ಮಾಡಿಕೊಂಡು, ರಾಡನ್ನು ಗೇರ್‌ಬಾಕ್ಸಿನ ಕಡೆಯಿಂದ ಬಿಚ್ಚಿ, ಲಿವರನ್ನು ಆಡಿಸಿ ನೋಡಬೇಕು. ನಮ್ಮದರಲ್ಲಿ ಬಿಚ್ಚಿದ ಮೇಲೂ ಲಿವರ್ ಬಿಗಿಯಾಗಿಯೇ ಉಳಿಯಿತು. ರಾಡ್ ಜೋಡಿಸಿದ್ದ ಗೇರ್‌ಬಾಕ್ಸಿನ ಶಾಫ್ಟ್ (ಗೇರು ಬದಲಿಸುವ ದಂಡ) ಮಾತ್ರ ಕೈಯಿಂದಲೇ ಸರಾಗವಾಗಿ ಸರಿಯಿತು. ಅಂದರೆ ದೋಷ ಇದ್ದದ್ದು ಗೇರ್‌ಬಾಕ್ಸಿನಲ್ಲಲ್ಲ, ಲಿವರ್ ಮತ್ತು ರಾಡಿನ ಕೀಲುಗಳಲ್ಲಿ.

ಕೀಲಿಗೆ ಕವಚವಾಗಿರುವ, ಹರಿದ ರಬ್ಬರ್ ಬೂಟಿನೊಳಗೆ ಸೇರಿದ್ದ ಮಣ್ಣು ಹಳೆಯ ಗ್ರೀಸಿನೊಡನೆ ಬೆರೆತು ಕಲ್ಲಿನಂತಾಗಿತ್ತು. ಅದನ್ನು ಸೀಮೆಎಣ್ಣೆಯಿಂದ ತೊಳೆದು, ಸವೆದ ಬುಶ್ಶನ್ನೂ (ಕೀಲಿನೊಳಗಿನ ಬಳೆಯಂಥ ಭಾಗ) ಬೂಟನ್ನೂ ಬದಲಿಸಿ, ಲೋಹದ ಕೀಲಿಗೆ ಲಿಥಿಯಂ ಗ್ರೀಸ್ ಹಚ್ಚಿದೆವು. ರಬ್ಬರಿಗೆ ಸಿಲಿಕೋನ್ ಗ್ರೀಸೇ ಒಳ್ಳೆಯದು, ಏಕೆಂದರೆ ಖನಿಜತೈಲದ ಗ್ರೀಸಿನಿಂದ ಹಲವು ಬಗೆಯ ರಬ್ಬರು ಉಬ್ಬಿ ಮೆತ್ತಗಾಗುತ್ತದೆ.