“ಕಲ್ತು ಓಡಿ ಹೋಗ್ತಾರ, ಮತ್ಯಾಕ ಕಲಿಸ್ತೀರಿ?”

ಈ ಪ್ರಶ್ನೆಗೆ ಬಾಯಲ್ಲಿ ಉತ್ತರ ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಬರೆದಿಟ್ಟಿದ್ದೇನೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ನಾನು ಕಲಬುರಗಿಯ ಒಂದು ದಾಲ್ ಮಿಲ್‌ನಲ್ಲಿ ಸೂಪರ್‌ವೈಸರ್. 19 ವರ್ಷವಾಯಿತು. ಹೊಸದಾಗಿ ಸೇರುವ ಹುಡುಗರಿಗೆ ಕೆಲಸ ಕಲಿಸೋದು ನನ್ನ ಪಾಲಿಗೆ ಬಂದಿದೆ. ಇದು ಗೊತ್ತಾದ ಕೂಡಲೇ ಜನ ಅದೇ ಪ್ರಶ್ನೆ ಕೇಳುತ್ತಾರೆ. ಗಂಜ್ ಮಾರುಕಟ್ಟೆಯ ಚಹಾ ಅಂಗಡಿಯಲ್ಲಿ ಕೇಳುತ್ತಾರೆ, ಮದುವೆ ಊಟದ ಪಂಕ್ತಿಯಲ್ಲಿ ಕೇಳುತ್ತಾರೆ. ಒಮ್ಮೆ ಹಲ್ಲು ಕೀಳಿಸಲು ಹೋದಾಗ ಡಾಕ್ಟರೂ ಕೇಳಿದರು, ನನ್ನ ಬಾಯಿ ತೆರೆಸಿಟ್ಟು. “ಅಲ್ರಿ, ನೀವು ಕಲಿಸ್ತೀರಿ, ಅವರು ಕಲ್ತು ಓಡಿ ಹೋಗ್ತಾರ. ಮತ್ಯಾಕ ಕಲಿಸ್ಲಾಕತ್ತೀರಿ?”

ಮೊದಲು ಆ “ಓಡಿ ಹೋಗ್ತಾರ” ಅನ್ನೋ ಮಾತು. ಯಾರೂ ಓಡುವುದಿಲ್ಲ ಸ್ವಾಮಿ. ಹದಿನೈದು ದಿನ ಮೊದಲೇ ಹೇಳಿ, ಲೆಕ್ಕ ಚುಕ್ತಾ ಮಾಡಿಕೊಂಡು, ಚೀಲ ಹೆಗಲಿಗೇರಿಸಿ ಹೈದರಾಬಾದ್ ಬಸ್ಸು ಹತ್ತುತ್ತಾರೆ. ಕೆಲವರು ಹೋಗುವಾಗ ಕಾಲಿಗೂ ಬೀಳುತ್ತಾರೆ. ನನ್ನ ಷಡ್ಡಕರ ಮಗ ಬೆಂಗಳೂರಿನಲ್ಲಿ 4 ವರ್ಷಕ್ಕೆ 3 ಕಂಪನಿ ಬದಲಿಸಿದ. ಪ್ರತಿ ಸಲವೂ ಪೇಡಾ ಹಂಚಿದರು, ನಾನೂ ತಿಂದೆ. ಅವನು ಹೋದರೆ ಗ್ರೋತ್. ಆಳಂದ ಕಡೆಯ ಹುಡುಗ 3 ಸಾವಿರ ಜಾಸ್ತಿ ಸಿಗುತ್ತೆ ಅಂತ ಪುಣೆಗೆ ಹೋದರೆ ಓಡಿ ಹೋದ. ಅಲ್ವಾ?

ಇನ್ನು ಕೆಲವರು ಉಪಾಯ ಹೇಳಿಕೊಡುತ್ತಾರೆ. ಬಾಂಡ್ ಬರೆಸಿಕೊಳ್ರಿ, ಮಾರ್ಕ್ಸ್ ಕಾರ್ಡ್ ಒರಿಜಿನಲ್ ಇಟ್ಕೊಳ್ರಿ ಅಂತ. ಮಾರ್ಕ್ಸ್ ಕಾರ್ಡ್ ಇಟ್ಟುಕೊಂಡು ಏನು ಮಾಡಲಿ, ಅದರಲ್ಲಿ ತೊಗರಿ ಕೇರಲೇ?

ಅವರು ಯಾಕೆ ಹೋಗುತ್ತಾರೆ ಅಂತ ನನಗೆ ಚೆನ್ನಾಗಿ ಗೊತ್ತು. ಸೀಸನ್‌ನಲ್ಲಿ, ಅಂದರೆ ಜನವರಿಯಿಂದ ಬೇಸಿಗೆ ಮುಗಿಯೋವರೆಗೆ, 12 ತಾಸು ದುಡಿತ. ಮಳೆ ಶುರುವಾದರೆ ಅಂಗಳದಲ್ಲಿ ಕಾಳು ಒಣಗಲ್ಲ. ಕೆಲಸ ಅರ್ಧ, ಪಗಾರವೂ ಅರ್ಧ. ನಿಷ್ಠೆ ಮಾತ್ರ ಪೂರ್ತಿ ಬೇಕಂತೆ. ಇದನ್ನು ಮಾಲಕರಿಗೆ ಹೇಳಿದ್ದೇನೆ. ಅವರು ಚಹಾ ತರಿಸಿದರು.

ಉತ್ತರ ಇಷ್ಟೇ. ಕಲಿಸದಿದ್ದರೂ ಹೋಗುವವರು ಹೋಗುತ್ತಾರೆ. ಆದರೆ ಹೋಗುವವರೆಗೆ ಅವರು ನನ್ನ ಮಿಲ್‌ನಲ್ಲೇ ಇರುತ್ತಾರಲ್ಲ? ಬೆಲ್ಟ್ ಪಕ್ಕದಲ್ಲಿ ಕೊರಳಿಗೆ ಟವಲ್ ಸುತ್ತಿಕೊಂಡು ನಿಂತಿರುತ್ತಾರಲ್ಲ? ಮೊದಲನೇ ದಿನ ನಾನು ಕಲಿಸೋದು ಎರಡೇ. ಟವಲ್ ತೆಗೆದು ಮೊಳೆಗೆ ಹಾಕು. ಮಷಿನ್ ನಿಲ್ಲಿಸುವ ಕೆಂಪು ಬಟನ್ ಎಲ್ಲಿದೆ, ಕಣ್ಣು ಮುಚ್ಚಿ ಮುಟ್ಟಿ ತೋರಿಸು.

ಹೊಸಬರು ನಿಮ್ಮನ್ನು ಏನು ಕೇಳ್ತಾರೆ? ಹಾಗಂತ ಮಾತ್ರ ಇಷ್ಟು ವರ್ಷದಲ್ಲಿ ಒಬ್ಬರೂ ಕೇಳಲಿಲ್ಲ. ಕೇಳಿದ್ದರೆ ನನಗೆ ಹೇಳೋಕೆ ಬಹಳ ಇತ್ತು.

ಒಬ್ಬನಿಗೆ ಎಲಿವೇಟರ್ ಹತ್ತಿರ ಹೋಗಿ ನಿಂತ್ಕೋ ಅಂದೆ. ನಮ್ಮಲ್ಲಿ ಎಲಿವೇಟರ್ ಅಂದರೆ ಕಾಳನ್ನು ಕೆಳಗಿನಿಂದ ಮೇಲಕ್ಕೆ ಎತ್ತುವ ಬಕೆಟ್ ಸಾಲು. ಅವನು, “ಎಷ್ಟನೇ ಮಾಳಿಗಿ ಬಟನ್ ಒತ್ಲಿ ಸರ್?” ಅಂದ. ಇಡೀ ಮಿಲ್ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಾನೇ ನಕ್ಕೆ. ಆಮೇಲೆ ಒಂದು ವಾರ ಅವನು ಏನನ್ನೂ ಕೇಳಲಿಲ್ಲ. ಗೊತ್ತಿಲ್ಲದಿದ್ದರೂ ತಲೆಯಾಡಿಸುತ್ತಿದ್ದ. ತಲೆಯಾಡಿಸುವ ಹುಡುಗನಷ್ಟು ಅಪಾಯದವನು ಮಿಲ್‌ನಲ್ಲಿ ಇನ್ನೊಬ್ಬ ಇಲ್ಲ.

ಇನ್ನೊಬ್ಬ ಬಂದಿದ್ದ, ಐಟಿಐ ಫಿಟ್ಟರ್ ಮುಗಿಸಿದವನು. ಅವನ ಕಥೆ ಹೇಳುವ ಮೊದಲು ತೊಗರಿಯ ಬಗ್ಗೆ ಸ್ವಲ್ಪ ಹೇಳಬೇಕು. ಅದರ ಸಿಪ್ಪೆ ಕಡಲೆಯಷ್ಟು ಸುಲಭಕ್ಕೆ ಬಿಡೋದಿಲ್ಲ. ಸಿಪ್ಪೆಗೂ ಬೇಳೆಗೂ ನಡುವೆ ಗೋಂದಿನಂಥ ಪದರ ಇರುತ್ತದೆ. ಮೊದಲು ಎಮರಿ ರೋಲರ್‌ನಲ್ಲಿ, ಅಂದರೆ ತಿರುಗುವ ಒರಟು ಕಲ್ಲಿನಲ್ಲಿ, ಕಾಳಿನ ಮೈ ಗೀರಬೇಕು. ಗೀರಿದ ಜಾಗದಿಂದ ಎಣ್ಣೆ ಒಳಗಿಳಿಯಬೇಕು. ಎಣ್ಣೆ ಸವರಿದ ಕಾಳನ್ನು ರಾತ್ರಿಯಿಡೀ ರಾಶಿ ಹಾಕಿ, ಆಮೇಲೆ ಎರಡು ಮೂರು ದಿನ ಬಿಸಿಲಿಗೆ ಹರವಬೇಕು. ಎಣ್ಣೆ ಕಡಿಮೆಯಾದರೆ ಸಿಪ್ಪೆ ಕಚ್ಚಿಕೊಂಡಿರುತ್ತೆ. ಮತ್ತೆ ಮತ್ತೆ ರೋಲರ್‌ಗೆ ಹಾಕಿದರೆ ಬೇಳೆಯೇ ಸವೆದು ನುಚ್ಚಾಗುತ್ತೆ. ಜಾಸ್ತಿಯಾದರೆ ಎಮರಿ ಕಲ್ಲಿಗೆ ಜಿಡ್ಡು ಮೆತ್ತುತ್ತೆ, ಆಮೇಲೆ ಕಲ್ಲು ಗೀರಲ್ಲ, ಬರೀ ಸವರುತ್ತೆ. 100 ಕೆ.ಜಿ. ತೊಗರಿಗೆ 70–75 ಕೆ.ಜಿ. ಬೇಳೆ ಬಂದರೆ ಮಾಲಕರ ಮುಖ ನೋಡಬಹುದು. ಅದಕ್ಕಿಂತ ಇಳಿದರೆ ಅಷ್ಟೂ ದನದ ಪಾಲು. (2019ರಲ್ಲಿ ನಮ್ಮ ತೊಗರಿ ಬೇಳೆಗೆ ಜಿಐ ಟ್ಯಾಗ್, ಅಂದರೆ ಇದು ಈ ಸೀಮೆಯದೇ ಅನ್ನೋ ಸರ್ಕಾರಿ ಗುರುತು, ಬಂತು. ಎಣ್ಣೆ ಸವರುವ ಕೈಗೆ ಯಾವ ಟ್ಯಾಗೂ ಬಂದಿಲ್ಲ.)

ನಮ್ಮದು ಹಳೇ ಮಿಲ್. ಎಣ್ಣೆ ಕೈಯಿಂದಲೇ ಸುರಿಯುತ್ತೇವೆ. ಹುಡುಗ ಬಂದು ಎರಡನೇ ವಾರ. ಲಾರಿ ಹೊರಗೆ ಹಾರ್ನ್ ಹೊಡೀತಿತ್ತು. “ಸ್ವಲ್ಪ ಎಣ್ಣೆ ಹಾಕು, ಹದ ನೋಡ್ಕೊ” ಅಂದು ಹೊರಟೆ.

“ಸ್ವಲ್ಪ ಅಂದ್ರ ಎಷ್ಟ್ರೀ?”

“ಕೈಗೆ ಗೊತ್ತಾಗ್ತದ.”

“ನನ್ನ ಕೈಗೆ ಇನ್ನೂ ಗೊತ್ತಿಲ್ರಿ.”

ನಾನು ತಿರುಗಿ ನೋಡಲಿಲ್ಲ. ನನಗೆ ಕಲಿಸಿದ ಮಿಸ್ತ್ರಿ ಇಷ್ಟೂ ಹೇಳಿರಲಿಲ್ಲ. ನೋಡಿ ಕಲಿ ಅಂತ ತಲೆಗೊಂದು ಕೊಡುತ್ತಿದ್ದರು. ನಾನು ಕಲಿತದ್ದಕ್ಕಿಂತ ಕದ್ದದ್ದೇ ಜಾಸ್ತಿ, ಅದಕ್ಕೆ 3 ವರ್ಷ ಹಿಡಿಯಿತು. ಅದೇ ಸರಿಯಾದ ದಾರಿ ಅಂತ ಆಗ ನಂಬಿದ್ದೆ.

ಅವನು ಸುರಿದ. 12 ಕ್ವಿಂಟಲ್ ಕಾಳು ಮಿರಮಿರ ಮಿಂಚುತ್ತಿತ್ತು, ಮದುವೆಗೆ ಎಣ್ಣೆ ಹಚ್ಚಿಕೊಂಡ ಹಾಗೆ. ಬಿಸಿಲಿಗೆ ಹಾಕಿದರೂ ಜಿಡ್ಡು ಬಿಡಲಿಲ್ಲ. ರೋಲರ್‌ಗೆ ಹಾಕಿದಾಗ ಕಲ್ಲು ಮೆತ್ತಿಕೊಂಡಿತು, ಅರ್ಧ ದಿನ ಮಿಲ್ ನಿಂತಿತು. ಮಾಲಕರು ಬಂದು ಯಾರ ಕೆಲಸ ಇದು ಅಂದರು. ನಾನು ಹುಡುಗನ ಕಡೆ ಬೆರಳು ತೋರಿಸಿದೆ. ಅವನು ಕೈ ಹಿಂದೆ ಕಟ್ಟಿಕೊಂಡು ಬೈಸಿಕೊಂಡ. ನನ್ನ ಕಡೆ ಒಮ್ಮೆಯೂ ನೋಡಲಿಲ್ಲ. ನೋಡಿದ್ದರೇ ಚೆನ್ನಾಗಿತ್ತು.

ಮರುದಿನ ಅವನು ಸ್ಯಾಂಪಲ್ ತೂಗುವ ತಕ್ಕಡಿ ಮತ್ತು ಒಂದು ಡಬ್ಬಿ ತಂದು ನನ್ನ ಮುಂದೆ ಇಟ್ಟ. “ಸರ್, ಒಂದು ಕ್ವಿಂಟಲ್‌ಗೆ ಎಷ್ಟು ಹಾಕ್ತೀರಿ, ಇದರಾಗ ಸುರೀರಿ.” ಸುರಿದೆ. ತೂಗಿದ. “ಇನ್ನೊಮ್ಮಿ ಸುರೀರಿ.” ಹೀಗೆ ಹತ್ತು ಸಲ. ಬೆನ್ನ ಹಿಂದೆ ಹಮಾಲರು ಬಂದು ನಿಂತರು. ಹತ್ತೂ ಅಂಕಿಯನ್ನು ಅವನು ಗೋಡೆಯ ಮೇಲೆ ಸೀಮೆಸುಣ್ಣದಿಂದ ಬರೆದ. ನನ್ನ “ಸ್ವಲ್ಪ” 240 ಗ್ರಾಂನಿಂದ 430 ಗ್ರಾಂವರೆಗೆ ಇತ್ತು. ಇಷ್ಟು ವರ್ಷದ ಕೈ! ಅಂದರೆ ನನ್ನ ಕೆಲವು ಲಾಟ್‌ಗಳೂ ಕೆಟ್ಟಿದ್ದವು. ಆಗೆಲ್ಲ ನಾನು ತೊಗರಿಯನ್ನು ಬೈದಿದ್ದೆ, ಬಿಸಿಲನ್ನು ಬೈದಿದ್ದೆ, ಹುಡುಗರನ್ನು ಬೈದಿದ್ದೆ.

ಇದನ್ನು ಮಾಲಕರಿಗೆ ಇವತ್ತಿಗೂ ಹೇಳಿಲ್ಲ. ಓದಿದರೆ ಗೊತ್ತಾಗುತ್ತೆ, ಆಗಲಿ.

ಒಂದು ತಿಂಗಳು ಬೇರೆ ಬೇರೆ ಅಳತೆ ಹಾಕಿ ನೋಡಿದೆವು. ನಮ್ಮ ಮಿಲ್‌ಗೆ, ನಮ್ಮ ಕಲ್ಲಿಗೆ, ಕ್ವಿಂಟಲ್‌ಗೆ 300 ಗ್ರಾಂ ಆಸುಪಾಸು ಸರಿ ಬಂತು. ಅವನು ನೀರಿನ ಬಾಟಲಿ ಕತ್ತರಿಸಿ, ಹೊರಗಡೆ ಕೆಂಪು ನೇಲ್ ಪಾಲಿಶ್‌ನಿಂದ ಗೆರೆ ಎಳೆದ. ಆಮೇಲೆ ನನ್ನ ಬಾಯಿಂದ ಇನ್ನೂ ಏನೇನೋ ಹೊರಡಿಸಿದ. ಒಣಗಿದ ಕಾಳನ್ನು ಹಲ್ಲಲ್ಲಿ ಕಚ್ಚಿ ನೋಡುತ್ತೇವಲ್ಲ, ಅದು ಅವನಿಗೆ ಅರ್ಥವಾಗಿರಲಿಲ್ಲ. “ಕಚ್ಚಿ ಏನು ನೋಡ್ಬೇಕ್ರಿ, ರುಚಿನಾ?” ನಾನೂ ಯೋಚಿಸಿದೆ. ರುಚಿ ಅಲ್ಲ, ಸದ್ದು. ಟಕ್ ಅಂತ ಸೀಳಿದರೆ ಒಣಗಿದೆ, ಹಲ್ಲು ಒಳಗೆ ಇಳಿದರೆ ಇನ್ನೊಂದು ಬಿಸಿಲು ಬೇಕು. ಇದನ್ನು ನಾನು ಜೀವನದಲ್ಲಿ ಮೊದಲ ಸಲ ಬಾಯಿಬಿಟ್ಟು ಹೇಳಿದ್ದು ಅವತ್ತೇ.

14 ತಿಂಗಳಿಗೆ ಅವನು ಹೋದ. ಹೈದರಾಬಾದ್ ಹತ್ತಿರ ಯಾವುದೋ ದೊಡ್ಡ ಪ್ಲಾಂಟ್, ಎಲ್ಲಾ ಆಟೋಮೆಟಿಕ್ ಅಂತೆ. ನನಗೆ ಬೇಜಾರಾಗಲಿಲ್ಲ ಅಂದರೆ ಸುಳ್ಳು. ಎರಡು ದಿನ ಯಾರ ಹತ್ತಿರವೂ ಸರಿಯಾಗಿ ಮಾತಾಡಲಿಲ್ಲ. ಚಹಾ ಅಂಗಡಿಯವನು, “ಓಡಿ ಹೋದ್ನಾ?” ಅಂತ ಕೇಳಿ ಬೈಸಿಕೊಂಡ.

ಬಾಟಲಿ ಈಗಲೂ ಇದೆ. ಅವನ ನಂತರ ಬಂದ 6 ಹುಡುಗರು ಅದರಲ್ಲೇ ಕಲಿತರು. ಮೂವರು ಹೋದರು, ಮೂವರು ಇದ್ದಾರೆ. ಕಳೆದ ತಿಂಗಳು ನೋಡಿದರೆ ಎಣ್ಣೆ ಹತ್ತಿ ಹತ್ತಿ ಗೆರೆ ಅಳಿಸಿಹೋಗಿತ್ತು. ಸೋಮವಾರ ಹೊಸಬನೊಬ್ಬ ಬರುವವನಿದ್ದ. ರಾತ್ರಿ ಮನೆಯಲ್ಲಿ ಹೆಂಡತಿಗೆ ನೇಲ್ ಪಾಲಿಶ್ ಇದೆಯಾ ಅಂದೆ.

“ಯಾರಿಗ್ರೀ?” ಅಂದಳು.

ಈ ಪ್ರಶ್ನೆಗೂ ಅರ್ಧ ತಾಸು ಉತ್ತರ ಹೇಳಬೇಕಾಯಿತು.